ಒಲಿ ಬೆಂಕಿಗಿ ನೀರು

ಮೊದಲೇ ಹೇಳಿಬಿಡ್ತೀನಿ. ನಮ್ಮಕ್ಕನ ಊರಿನ ಗುಡ್ಡಕ್ಕ ಬೆಂಕಿ ಬಿದ್ದದ್ದು ನನ್ನ ಕೈಯಿಂದ. ಬೇಕಂತ ಹಚ್ಚಿದ್ದಲ್ಲ, ಆದ್ರ ನನ್ನ ಕೈಯಿಂದನೇ. ಅದರ ಸಲುವಾಗಿ ಊರು ಬಿಟ್ಟಾಂವ ಮಾತ್ರ ಒಬ್ಬ ಆಡು ಕಾಯೋ ಮುದುಕ. ಇಷ್ಟು ತಿಳಕೊಂಡು ಮುಂದ ಓದೂದಾದ್ರ ಓದ್ರಿ, ಇಲ್ಲಾಂದ್ರ ಬಿಡ್ರಿ. ನನ್ನ ಛಲೋ ಹೆಂಗಸು ಅಂತ ನಂಬಿ, ಅರ್ಧಕ್ಕ ಬಂದಮ್ಯಾಲ ಬೈಯೂದು ಬ್ಯಾಡ.

ಹೈದರಾಬಾದಿನ ಬಾಲಾನಗರದ ಕಾರ್ಖಾನಿ ಶೆಡ್ಡುಗಳ ಹಿಂದ ನಮ್ಮದು ಎರಡು ಖೋಲಿ ಮನಿ. ನಮ್ಮ ಮನಿಯವರು ಲೇತ್ ಮಶೀನಿನ ಮ್ಯಾಲ ಕೆಲಸ ಮಾಡ್ತಾರ, ನಾ ಜ್ವಾಳದ ರೊಟ್ಟಿ ಬಡೀತೀನಿ. ಹಿತ್ತಲದಾಗ ಮಣ್ಣಿನ ಒಲಿ, ಮ್ಯಾಲ ಹಂಚು. ಕಾರ್ಖಾನಿಗಿ ಸಾಮಾನು ಬಂದ ಕಟಗಿ ಪೆಟ್ಟಿಗಿ ಒಡದು ಉರಿ ಹಾಕ್ತೀನಿ. ಖಡಕ್ ರೊಟ್ಟಿ ಬುಟ್ಟಿಗಿ ತುಂಬಿ ವಾರಕ್ಕ ಎರಡು ಸರ್ತಿ ಕೊಂಡಾಪುರಕ್ಕ ಒಯ್ಯೂದು. ಅಲ್ಲಿ ಕಂಪ್ಯೂಟರ್ ಕೆಲಸಕ್ಕ ಬಂದ ನಮ್ಮ ಕಡಿ ಹುಡುಗ ಹುಡುಗ್ಯಾರು ದಾರಿ ಕಾಯ್ತಿರ್ತಾರ. "ಆಂಟಿ, ಶೇಂಗಾ ಚಟ್ನಿ ತಂದೀರೇನ್ರಿ?" ಅಂತ ಬಾಗಿಲದಾಗೇ ಕೇಳ್ತಾರ, ಊಟಕ್ಕ ಗತಿ ಇಲ್ಲದವರಂಗ. ಇಪ್ಪತ್ತು ವರ್ಷ ಬೆಂಕಿ ಮುಂದ ಕುಂತು ನನ್ನ ಅಂಗೈ ಸತ್ತುಹೋಗ್ಯಾವ. ಕೆಂಡ ಹೊರಗ ಜಾರಿದ್ರ ಬೆರಳಿಲೇ ಎತ್ತಿ ಒಲಿಗಿ ಹಾಕ್ತೀನಿ. "ನಿನ್ನ ನಾಲಿಗಿಗಿಂತ ನಿನ್ನ ಒಲಿನೇ ತಣ್ಣಗೈತಿ" ಅಂತ ನಮ್ಮ ಮನಿಯವರು ಚ್ಯಾಷ್ಟಿ ಮಾಡ್ತಾರ. ಬೆಂಕಿ ಬಗ್ಗೆ ನಂಗ ಯಾರೂ ಹೇಳಿಕೊಡೂದು ಬ್ಯಾಡ ಅಂತ ಭಾಳ ಸೊಕ್ಕಿತ್ತು ನಂಗ.

ರೊಟ್ಟಿಗಿ ಜ್ವಾಳ ಬರೂದು ಅಕ್ಕನ ಹೊಲದಿಂದ. ವಿಕಾರಾಬಾದ್ ದಾಟಿ ತಾಂಡೂರಿನ ಕಡಿ ಹೋದ್ರ, ಗುಡ್ಡದ ಬುಡಕ ಅಕಿ ಊರು. ಅರ್ಧ ಮಂದಿ ಕನ್ನಡ, ಅರ್ಧ ಮಂದಿ ತೆಲುಗು, ಜಗಳ ಹತ್ತಿದ್ರ ಎಲ್ಲಾರದೂ ಉರ್ದು. ಹೊಲದಾಗ ತೊಗರಿ, ಜ್ವಾಳ. ಗುಡ್ಡದ ಮಗ್ಗಲಿಗಿ ಅಕ್ಕನ ಗಂಡ, ಅಂದ್ರ ನಮ್ಮ ಮಾಮಾ, ಕೈಯಾರೆ ಹಚ್ಚಿದ ಮಾವಿನ ಗಿಡ. ಗುಡ್ಡದ ಮ್ಯಾಲ ಜಂಗಲ. ಆ ಜಂಗಲದಾಗ ದಸರಾ ಹೊತ್ತಿಗಿ ಸೀತಾಫಲ ಬಿಡ್ತಿದ್ದವು. ಊರಿನ ಹೆಣ್ಣಮಕ್ಕಳು ಬುಟ್ಟಿ ತುಂಬಿಕೊಂಡು, ಬೆಳಗಿನ ಗಾಡಿ ಹತ್ತಿ, ಹೈದರಾಬಾದಿನ ಫುಟ್‌ಪಾತಿನಾಗ ಕುಂತು ಮಾರಿ, ಸಂಜಿಗಿ ತಿರುಗಿ ಹೋಗ್ತಿದ್ರು. ನಾ ಮಾತ್ರ ವರ್ಷಕ್ಕೊಮ್ಮೆ, ಶಿವರಾತ್ರಿ ಆದಮ್ಯಾಲ ಹೋಗಿ, ಒಂದು ವಾರ ಇದ್ದು, ಜ್ವಾಳದ ಚೀಲ ಕಟಗೊಂಡು ಬರ್ತಿದ್ದೆ.

ಅದೇ ವಾರದಾಗ ಊರಾಗ ಬದು ಸುಡ್ತಾರ. ಹೊಲದ ಬದುವಿನ ಮ್ಯಾಲ ಒಣಗಿದ ಹುಲ್ಲು, ಮುಳ್ಳುಕಂಟಿ ಸುಟ್ರ ಹಾವು ಹುಳ ಹೋಗ್ತಾವ, ಮುಂದಿನ ಬಿತ್ತಿಗಿ ಹೊಲ ಹಸನಾಗತೈತಿ. ಈ ಬೆಂಕಿ ಒಯ್ಯೂದು ಹೆಣ್ಣಮಕ್ಕಳ ಕೆಲಸ. ಕಡ್ಡಿಪೆಟ್ಟಿಗಿ ಗೀರಂಗಿಲ್ಲ. ಕಡ್ಡಿ ಬೆಂಕಿಗಿ ತಾಯಿ ಇಲ್ಲ, ಅದು ಹೇಳಿದ ಮಾತು ಕೇಳಂಗಿಲ್ಲ ಅಂತ ಅತ್ತಿಯವರು ಸೊಸ್ತ್ಯಾರಿಗಿ ಹೇಳಿಕೊಡ್ತಾರ. ಮನಿ ಒಲಿಯಾಗಿನ ಕೆಂಡ ಸಗಣಿಯ ಒಂದು ದೊಡ್ಡ ಕುಳ್ಳಿನ ಮ್ಯಾಲ ಇಟ್ಟು, ಬೂದಿ ಮುಚ್ಚಿ, ಬೇವಿನ ಟೊಂಗಿ ಕೈಯಾಗ ಹಿಡಕೊಂಡು ಹೊಲಕ್ಕ ನಡೀಬೇಕು. ಎದುರು ಗಾಳಿಗಿ ಹಚ್ಚಬೇಕು, ಹಸಿ ಬೇವಿನಿಂದ ಬಡದು ಆರಿಸಬೇಕು. ಅದೆಲ್ಲಾ ಸರಿ. ಕಡೀಕ ಉಳದ ಕುಳ್ಳಿಗಿ ಮಾತ್ರ ನೀರು ಹಾಕಬಾರದು. ಕಾಲೀಲೆ ತುಳೀಬಾರದು. ಅದು ಮನಿ ಒಲಿಯ ಬೆಂಕಿ, ಅದಕ್ಕ ನೀರು ಹಾಕಿದ್ರ ಮನಿ ಒಲಿ ಮುಳುಗಿಸಿದಂಗ. ಹೊಲದ ಮೂಲ್ಯಾಗ ಹದ್ದಿನ ಬಾಂದಗಲ್ಲಿನ ಬುಡಕ ಇಟ್ಟು ಕೈಮುಗದು ಬರಬೇಕು, ತಾನಾಗೇ ಆರಬೇಕು. ನಮ್ಮವ್ವನೂ ಹಿಂಗೇ ಮಾಡ್ತಿದ್ಳು, ಅಕ್ಕನ ಅತ್ತಿನೂ ಹಿಂಗೇ ಮಾಡ್ತಿದ್ಳು.

ಮೊದಲ ಹಿಂಗ ಇಟ್ಟ ಕುಳ್ಳಿನಿಂದ ಏನೂ ಆಗ್ತಿದ್ದಿಲ್ಲ, ಅದೂ ಖರೇ. ಆಗ ಗುಡ್ಡದ ತುಂಬ ಊರಿನ ಆಡು ಕುರಿ ತಿರುಗಿ ಹುಲ್ಲು ಬೋಳಿಸಿರ್ತಿದ್ದವು. ಹೊತ್ತು ಏರೂತನಕ ನೆಲ ಹಸಿ ಇರ್ತಿತ್ತು. ಬರಬರ್ತಾ ಮಾಗಿ ಚಳಿನೇ ಇಲ್ಲದಂಗಾತು. ಸಂಕ್ರಾಂತಿ ದಾಟೂದ್ರಾಗ ಬಿಸಲು ನೆತ್ತಿ ಸುಡಾಕತ್ತಿತು. ಗುಡ್ಡದ ಒಂದು ಮಗ್ಗಲಿಗಿ ಜಂಗಲಾತಿನವರು, ಅಂದ್ರ ಅರಣ್ಯದ ಕಾವಲಿನವರು, ತಂತಿ ಬೇಲಿ ಹಾಕಿ ಸಸಿ ನೆಟ್ರು. ಗಿಡ ಬೆಳೀಲಿ ಅಂತ ದನಾಕರ ಬಿಡ್ತಿದ್ದಿಲ್ಲ. ಒಳ್ಳೇ ಕೆಲಸನೇ. ಆದ್ರ ಒಳಗ ಹುಲ್ಲು ಎದಿಮಟ ಬೆಳದು ಒಣಗಿ ನಿಂತಿರ್ತಿತ್ತು. ಸುತ್ತಮುತ್ತ ಊರಿನ ಗುಡ್ಡದಾಗ ವರ್ಷಾ ಎಲ್ಲ್ಯಾರ ಒಂದು ಕಡಿ ಹೊಗಿ ಏಳೂದು ಸುರು ಆಗಿತ್ತು. ನಾವು ನಮ್ಮ ಅಂಗಳದಾಗ ನಿಂತು ನೋಡಿ, ಅಯ್ಯ ಪಾಪ ಅಂದು ಒಳಗ ಹೋಗ್ತಿದ್ವಿ.

ಎರಡು ವರ್ಷದ ಹಿಂದಿನ ಮಾತು. ಅಕ್ಕಗ ಮೊಳಕಾಲು ಬ್ಯಾನಿ. "ಈ ಸರ್ತಿ ನೀನೇ ಒಯ್ಯವ್ವ ಬೆಂಕಿ. ನನ್ನ ಕಾಲು ನನ್ನ ಮಾತು ಕೇಳವಲ್ಲವು," ಅಂದ್ಳು. ನಂಗೇನು, ಬೆಂಕಿ ನನ್ನ ಕೂಸು ಅನ್ನಂಗ ಕುಳ್ಳು ಹಿಡಕೊಂಡು ಹೊಂಟೆ. ಮಾಮಾ ತಾಂಡೂರಿಗಿ ಹೋಗಿದ್ದ. ಬದುವಿಗಿ ಹಚ್ಚಿದೆ, ಬಡದೆ, ಆರಿಸಿದೆ. ಒಂದು ಕಿಡಿ ಉಳೀದಂಗ ಆರಿಸಿದೆ, ದೇವರಾಣಿ.

ಹೊತ್ತು ಏರಿತ್ತು. ಆಡಿನ ಕಾಕಾ ತನ್ನ ಆಡು ಹೊಡಕೊಂಡು ಬಂದ. ಊರಿಗೆಲ್ಲಾ ಅಂವ ಕಾಕಾನೇ. ಹೆಂಡತಿ ಸತ್ತು ಭಾಳ ವರ್ಷಾಗಿತ್ತು, ಮಕ್ಕಳಿದ್ದಿಲ್ಲ. ಆಡಿಗಿ ಒಂದೊಂದಕ್ಕ ಒಂದೊಂದು ಬೈಗುಳದ ಹೆಸರಿಟ್ಟಿದ್ದ. "ಏ ಹಡಬಿಟ್ಟಿ, ಏ ಕಳ್ಳಿ" ಅಂತ ಕರದ್ರ ಅವು ಖುಷೀಲೆ ಓಡಿ ಬರ್ತಿದ್ದವು.

"ತಂಗಿ, ಒಂದು ಗುಟುಕು ನೀರು ಕೊಡವ್ವ," ಅಂದ.

ಕುಡಿಯಾಕ ತಂದ ಕೊಡದಾಗಿಂದ ಬೊಗಸಿಗಿ ಹಾಕಿದೆ. "ಕಾಕಾ, ಈ ಬಿಸಲಾಗ ಗುಡ್ಡಕ್ಕ್ಯಾಕ ಹೋಗ್ತೀ? ಇಲ್ಲೇ ಮೇಯಿಸಬಾರದಾ?"

"ನನ್ನ ಕೇಳಬ್ಯಾಡ, ಈ ಹಡಬಿಟ್ಟಿನ್ನ ಕೇಳು. ಬಸರಿ ಅದಾಳ, ಹಸರು ಬೇಕಂತ. ಹಳ್ಳದ ದಂಡೀಗಿ ಒಂದೀಟು ಐತಿ," ಅಂದು ನಕ್ಕೋತ ಗುಡ್ಡದಾಗಿನ ಹಳ್ಳದ ಕಡಿ ಏರಿ ಹೋದ.

ಕೊಡದಾಗ ಇನ್ನೂ ಅರ್ಧ ನೀರಿತ್ತು. ನನ್ನ ಕೈಯಾಗ ಉಳದ ಕುಳ್ಳು ಹೊಗ್ಯಾಡಾಕತ್ತಿತ್ತು. ಮೂಲಿಗಿ ಹೋದ್ರ ಬಾಂದಗಲ್ಲು ಇಲ್ಲ! ಮಾವಿನ ಗಿಡಕ್ಕ ಹನಿ ನೀರಿನ ಪೈಪು ಎಳಿಯುವಾಗ ಮಾಮಾ ಅದನ್ನ ಕಿತ್ತು ಬ್ಯಾರೆ ಕಡಿ ಒಗದಿದ್ದ. ಬಯಲಾಗ ಹಂಗೇ ಇಡಾಕ ಮನಸ್ಸಾಗಲಿಲ್ಲ. ಒಲಿ ಬೆಂಕಿ ಬಿಸಲಾಗ ಅನಾಥ ಬಿಟ್ಟಂಗ ಅನಸ್ತು. ಜಂಗಲಾತಿನ ಬೇಲಿ ಮಗ್ಗಲಿಗಿ ಮುತ್ತಲ ಗಿಡದ ನೆರಳಿತ್ತು, ಕೆಳಗ ಚಪ್ಪಟಿ ಕಲ್ಲಿತ್ತು. ಆ ಕಲ್ಲಿನ ಮ್ಯಾಲ ಇಟ್ಟು ಕೈಮುಗದೆ. ಗಿಡದ ಕೆಳಗ ಒಣಾ ಎಲಿ ರಾಶಿ ಬಿದ್ದಿತ್ತು, ಅದನ್ನ ನೋಡಿದೆ. ಕಾಲೀಲೆ ಸ್ವಲ್ಪ ಸರಿಸಿದೆ. ಆಮ್ಯಾಲ ಕೊಡದ ನೀರಿಲೆ ಮುಖ ತೊಳಕೊಂಡೆ. ಕೇಳ್ರಿ ಇದನ್ನ, ಆ ಅರ್ಧ ಕೊಡ ನೀರಿನಾಗ ನಾ ಮುಖ ತೊಳಕೊಂಡೆ.

ಮಾವಿನ ಗಿಡದ ಕೆಳಗ ಬುತ್ತಿ ಬಿಚ್ಚಿ ಕುಂತಿದ್ದೆ. ಸುಂಟರಗಾಳಿ ಎದ್ದಿತು. ಮಣ್ಣು, ಎಲಿ, ಹುಲ್ಲು ಎಲ್ಲಾ ತಿರುಗಿಸಿಕೊಂಡು ಬೇಲಿ ದಾಟಿ ಹೋತು. ನಾ ರೊಟ್ಟಿ ಮ್ಯಾಲ ಸೆರಗ ಮುಚ್ಚಿದೆ. ಮುಖ ಎತ್ತಿ ನೋಡೂದ್ರಾಗ ಮುತ್ತಲ ಗಿಡದ ಬುಡದಿಂದ ಬೇಲಿ ಒಳಗಿನ ಹುಲ್ಲಿಗಿ ಬೆಂಕಿ ಹರದಿತ್ತು. ಓಡಿದೆ. ಬೇವಿನ ಟೊಂಗಿ ಹಿಡಕೊಂಡು ಓಡಿದೆ. ಎದಿಮಟ ಹುಲ್ಲಿಗಿ ಬೇವಿನ ಟೊಂಗಿ ಏನ ಮಾಡತೈತಿ? ಬೆಂಕಿ ಸಪ್ಪಳ ಮಾಡ್ಕೋತ ಗುಡ್ಡ ಏರಿತು. ಇಪ್ಪತ್ತು ವರ್ಷದಾಗ ನಾ ಅಂಥಾ ಬೆಂಕಿ ಕಂಡಿದ್ದಿಲ್ಲ. ನನ್ನ ಒಲಿ ಬೆಂಕಿನೇ ಅದು, ನನ್ನ ಗುರುತೇ ಅದಕ್ಕಿರಲಿಲ್ಲ.

ಮ್ಯಾಲಿಂದ ಆಡು ಒದರೂದು ಕೇಳಿಸ್ತು. ಕಾಕಾನ ದನೀನೂ ಕೇಳಿಸ್ತು, ಒಂದೊಂದರ ಹೆಸರು ಹಿಡದು ಕರಿಯಾಕತ್ತಿದ್ದ.

ಊರ ಮಂದಿ ಬಂದ್ರು. ಜಂಗಲಾತಿನವರು ಇಬ್ಬರು ಬೆನ್ನಿಗಿ ಗಾಳಿ ಊದೋ ಮಶೀನು ಕಟಗೊಂಡು ಬಂದ್ರು. ಪಾಪ, ಅವರೂ ಜೀವದ ಹಂಗು ಬಿಟ್ಟು ಎಲಿ ಸರಿಸಿ ದಾರಿ ಮಾಡಿದ್ರು. ಗಾಳಿ ಒಂದು ಕಡಿ ನಿಲ್ಲವಲ್ಲದು. ಗುಡ್ಡ ಎರಡು ದಿನ ಉರೀತು. ನೆಟ್ಟ ಸಸಿ ಎಲ್ಲಾ ಹೋದವು, ಹೆಸರು ಬರದ ಬೋರ್ಡು ಸುದ್ದಾ ಕರಗಿ ಜೋತು ಬಿತ್ತು. ಸೀತಾಫಲದ ಗಿಡ ಬುಡಸಹಿತ ಹೋದವು. ಬೆಂಕಿ ಕೆಳಗೂ ಇಳೀತು. ಮಾಮಾನ ಮಾವಿನ ಗಿಡದಾಗ ಆಗಷ್ಟೇ ಕಾಯಿ ಕೂತಿದ್ದವು, ಗಿಡದಾಗೇ ಬೆಂದು ಉದುರಿದ್ವು. ಪೈಪು ಕರಗಿ ನೆಲಕ್ಕ ಹತ್ತಿಕೊಂಡಿತ್ತು. ಅಕ್ಕ ಅಂಗಳದಾಗ ಕುಂತು ಎದಿ ಬಡಕೊಂಡು, "ಯಾ ಸೂಳೇಮಗನ ಕೈ ಸೇದಿ ಹೋಗ್ಲಿ" ಅಂತ ಶಾಪ ಹಾಕಾಕತ್ತಿದ್ಳು. ನಾ ಅಕಿ ಬೆನ್ನು ಸವರಿಕೋತ ಕುಂತಿದ್ದೆ. ಆ ಶಾಪ ಬಿದ್ದ ಕೈಯಿಲೇ ಸವರಾಕತ್ತಿದ್ದೆ.

ಕಾಕಾ ಹಳ್ಳದಾಗಿಂದ ಎದ್ದು ಬಂದಾಗ ಹುಬ್ಬು ಇದ್ದಿಲ್ಲ. ಕೈ ಬೊಬ್ಬಿ ಎದ್ದು ಬಿಳಚಿಕೊಂಡಿದ್ದವು. ಅರ್ಧ ಆಡು ಹಿಂದ ಬಂದ್ವು, ಉಳಿದಿದ್ದು ಬರಲಿಲ್ಲ. ಹಡಬಿಟ್ಟಿ ಬರಲಿಲ್ಲ. ಓಡಾಕ ಆಗಿರಲಿಕ್ಕಿಲ್ಲ, ಬಸರಿ ಇದ್ಳು.

ಬೆಂಕಿ ಆರಿದ ಮರುದಿನ ಹಣಮಪ್ಪನ ಗುಡಿ ಕಟ್ಟಿ ಮ್ಯಾಲ ಮಂದಿ ಕೂಡಿತು. ಬೆಂಕಿ ಹೆಂಗ ಬಿತ್ತು ಅಂತ ಮಾತು ಬಂತು. ಯಾರೋ ಅಂದ್ರು, ಆಡು ಕಾಯೋರು ಹುಲ್ಲಿಗಿ ಬೆಂಕಿ ಇಡ್ತಾರ, ಮಳಿ ಬಿದ್ದಮ್ಯಾಲ ಹಸರು ಚಿಗುರು ಬರತೈತಿ ಅಂತ. ಇನ್ಯಾರೋ ಅಂದ್ರು, ಮುದುಕ ಬೀಡಿ ಸೇದ್ತಾನ. ಬೇಲಿ ಹಾಕಿದಾಗ ಭಾಳ ಜಗಳಾಡಿದ್ದನಲ್ಲ, ಅದರ ಸಿಟ್ಟಿಗಿ ಹಚ್ಚ್ಯಾನ ಅಂದ ಮತ್ತೊಬ್ಬ. ಮೂರು ಮಾತು ಸೇರಿ ಒಂದು ಮಾತಾತು. ಎತ್ತಿಗಿ ಜ್ವರ ಬಂದ್ರ ಎಮ್ಮಿಗಿ ಬರಿ ಎಳೆದಂಗ, ಎಲ್ಲಾರೂ ಅವನ ಕಡಿ ತಿರುಗಿದ್ರು.

"ನನ್ನ ಮಕ್ಕಳ ಇದ್ದಂಗ ಅವು. ಅವು ಮೇಯೋ ಕಡಿ ನಾನೇ ಬೆಂಕಿ ಇಡ್ತೀನೇನ್ರೋ?" ಅಂದ ಕಾಕಾ. ಸುಟ್ಟ ಕೈ ಎರಡೂ ಮುಂದ ಚಾಚಿ ನಿಂತಿದ್ದ, ಇಳಿಬಿಟ್ರ ಉರೀತಿದ್ದವು ಕಾಣ್ತೈತಿ. ಮೂರು ದಿನ ಅದೇ ಕಟ್ಟಿ ಕೆಳಗ ಕುಂದ್ರಿಸಿ ಕೇಳಿದ್ದೇ ಕೇಳಿದ್ರು. ಆಮ್ಯಾಲ ಜೀಪು ಬಂತು, ಅವನ ಮ್ಯಾಲ ಕೇಸಾತು.

ನಾ ಹೆಣ್ಣಮಕ್ಕಳ ಸಾಲಿನಾಗ ಸೆರಗ ಬಾಯಾಗ ತುರುಕ್ಕೊಂಡು ನಿಂತಿದ್ದೆ. ನಾನೇ ಅಂತ ಹೇಳಬೇಕಂದೆ. ಹೇಳಿದ್ರ ಅಕ್ಕ ಈ ಊರಾಗ ಹೆಂಗ ಬಾಳ್ವಿ ಮಾಡ್ಯಾಳು ಅನಸ್ತು. ಹಂಗಂತ ನಂಗ ನಾನೇ ಹೇಳಿಕೊಂಡೆ. ಈಗ ವಿಚಾರ ಮಾಡಿದ್ರ ಅದು ಸುಳ್ಳು. ನಂಗ ಅಂಜಿಕಿ ಆಗಿತ್ತು, ಅಷ್ಟೇ. ಜ್ವಾಳದ ಚೀಲ ಹೇರಿಕೊಂಡು ಹೈದರಾಬಾದಿಗಿ ಬಂದುಬಿಟ್ಟೆ. ನಮ್ಮ ಮನಿಯವರಿಗಿ ಹೇಳಿದೆ. "ಬಾಯಿ ಬಿಟ್ರ ಬಣ್ಣಗೇಡು, ಇದು ಇಲ್ಲಿಗೇ ಇರಲಿ" ಅಂದ್ರು. ನಂಗೂ ಅದೇ ಬೇಕಾಗಿತ್ತು.

ಆ ವರ್ಷ ದಸರಾಕ್ಕ ಬಾಲಾನಗರದ ಚೌಕಿನಾಗ ಅಕ್ಕನ ಊರಿನ ಹೆಣ್ಣಮಕ್ಕಳು ಸೀತಾಫಲ ತರಲಿಲ್ಲ. ಅವರು ಕುಂದರ್ತಿದ್ದ ಜಾಗಾದಾಗ ಯಾವಾಂವೋ ಮೊಬೈಲ್ ಕವರ್ ಹರವಿಕೊಂಡು ಕುಂತಿದ್ದ. ಮುಂದ ಅವರಾಗಿನ ಒಬ್ಬಾಕಿ ಸಿಕ್ಕಿದ್ಳು. ಕಲ್ಲಿನ ಕ್ವಾರಿಗಿ ಕೂಲಿ ಹೋಗಾಕತ್ತೀನಿ ಅಂದ್ಳು. ಗುಡ್ಡದಾಗ ಬರೇ ಬೂದಿ ಅಕ್ಕಾ, ಮಳಿ ಬಂದ್ರ ಅದೇ ಇಳದು ಕೆರಿಗಿ ಬರತೈತಿ, ನೀರು ಕರ್ರಗ ಐತಿ ಅಂದ್ಳು. ಆಡಿನ ಕಾಕಾ ಹೆಂಗದಾನ ಅಂತ ಕೇಳಾಕ ನಂಗ ಬಾಯಿ ಬರಲಿಲ್ಲ.

ಕೇಳೂದು ಬೇಕಾಗಲೇ ಇಲ್ಲ. ಆ ಚಳಿಗಾಲದಾಗ ಕೊಂಡಾಪುರಕ್ಕ ರೊಟ್ಟಿ ಬುಟ್ಟಿ ಒಯ್ದಾಗ, ನಮ್ಮ ಹುಡುಗ್ಯಾರಿರೋ ಮನಿ ಎದುರು ಹೊಸಾ ಅಪಾರ್ಟ್‌ಮೆಂಟ್ ಏಳಾಕತ್ತಿತ್ತು. ಯಾದಗಿರಿ, ಕಲಬುರಗಿ ಕಡಿ ಮಂದಿ ಇಟ್ಟಂಗಿ ಹೊರಾಕತ್ತಿದ್ರು. ಗೇಟಿನ ಹತ್ರ ನೀಲಿ ಅಂಗಿ ಹಾಕ್ಕೊಂಡು ಒಬ್ಬ ಮುದುಕ ಸ್ಟೂಲಿನ ಮ್ಯಾಲ ಕುಂತಿದ್ದ. ಹುಬ್ಬು ತಿರುಗಿ ಬಂದಿದ್ದವು, ಪೂರಾ ಬೆಳ್ಳಗ.

"ತಂಗೀ! ನೀ ಇಲ್ಲೆಲ್ಲೇ?" ಅಂತ ಎದ್ದು ನಿಂತ. ನಾ ಬುಟ್ಟಿ ಕೆಳಗ ಇಟ್ಟೆ.

ತನ್ನ ಪಾಲಿನ ಚಾದಾಗ ಅರ್ಧ ನಂಗ ಕೊಟ್ಟ. ಉಳದ ಆಡು ಮಾರಿದೆ ಅಂದ. ಯಾರೂ ಹೊಲದಾಗ ಬಿಡ್ತಿದ್ದಿಲ್ಲ, ಗುಡ್ಡಕ್ಕ ಹೋದ್ರ ಹಿಡೀತಿದ್ರು, ಎಲ್ಲಿ ಮೇಯಿಸ್ಲಿ? ಊರಾಗ ನೀರು ಕೇಳಿದ್ರ ಕೊಡಾಕ ಹಿಂದ ಮುಂದ ನೋಡ್ತಿದ್ರು, ಅದಕ್ಕ ಬಂದೆ ಅಂದ. ಇಲ್ಲಿ ಏನ ಕಾಯ್ತೀ ಕಾಕಾ ಅಂತ ಕೇಳಿದ್ದಕ್ಕ, "ಸಿಮೆಂಟಿನ ಚೀಲ. ಒಂದೂ ಓಡಿ ಹೋಗಂಗಿಲ್ಲ, ಒಂದಕ್ಕೂ ಹೆಸರಿಲ್ಲ," ಅಂದ.

ನಾ ಬುಟ್ಟಿಯಾಗಿಂದ ರೊಟ್ಟಿ ತಗದು ಕೊಟ್ಟೆ. ಅವತ್ತಿನಿಂದ ವಾರಕ್ಕೆರಡು ಸರ್ತಿ ಕೊಟ್ಟೆ. ಚಟ್ನಿ, ಪುಂಡಿಪಲ್ಯ, ಒಮ್ಮೊಮ್ಮೆ ಮೊಸರು. "ನಿನ್ನ ಹೊಟ್ಟಿ ತಣ್ಣಗಿರ್ಲವ್ವ, ಊರಾಗ ಯಾರೂ ನೋಡಲಿಲ್ಲ, ನೀ ನೋಡಿದಿ," ಅಂತ ಹರಸ್ತಿದ್ದ. ಅಯ್ಯೋ ನನ್ನ ಕರ್ಮವೇ! ಅಕ್ಕನ ಶಾಪ ತಡಕೊಂಡಿದ್ದೆ, ಅವನ ಹರಕಿ ತಡಕೊಳ್ಳಾಕ ಆಗಲಿಲ್ಲ. ಬಸ್ಸಿನಾಗ ಬರುವಾಗ ಅಳು ಬಂದ್ರ ಉಳ್ಳಾಗಡ್ಡಿ ಹೆಚ್ಚಿದ ಕೈ ಕಣ್ಣಿಗಿ ಹತ್ತೇತಿ ಅಂತ ಮಗ್ಗಲಿನಾಕಿಗಿ ಹೇಳ್ತಿದ್ದೆ.

ಶಿವರಾತ್ರಿ ಹತ್ರ ಬಂತು. ಒಂದಿನ ರೊಟ್ಟಿ ಮುರಕೋತ ಕಾಕಾ, "ಈಗ ನನ್ನ ಆಡು ಮರಿ ಹಾಕೋ ದಿನ. ಹಡಬಿಟ್ಟಿ ಪ್ರತಿ ಸರ್ತಿ ಜೋಡಿ ಹಾಕ್ತಿದ್ಳು," ಅಂದ. ತನ್ನಷ್ಟಕ್ಕ ತಾನೇ ಅಂದ, ನಂಗ ಹೇಳಿದ್ದಲ್ಲ.

ನಾ ಹೇಳಿಬಿಟ್ಟೆ. ಕುಳ್ಳು, ಮುತ್ತಲ ಗಿಡ, ಚಪ್ಪಟಿ ಕಲ್ಲು, ಮುಖ ತೊಳಕೊಂಡ ನೀರು, ಎಲ್ಲಾ. ಒಂದೂ ಬಿಡಲಿಲ್ಲ.

ಕಾಕಾ ಬೈಯಲಿಲ್ಲ. ಬಾಯಾಗಿನ ತುತ್ತು ನುಂಗಿದ. ಕೈಯಾಗಿನ ಅರ್ಧ ರೊಟ್ಟಿ ತಿರುಗಿ ನನ್ನ ಬುಟ್ಟಿಯಾಗ ಇಟ್ಟ. "ನನ್ನ ಮುಂದ ಹೇಳಿದ್ರ ಏನ ಬಂತು?" ಅಂದ. "ನಾ ಹಚ್ಚಿಲ್ಲ ಅಂತ ನಂಗ ಮೊದಲೇ ಗೊತ್ತಿತ್ತು. ಗೊತ್ತಿಲ್ಲದವರ ಮುಂದ ಹೇಳು. ಕಟ್ಟಿ ಮುಂದ ಹೇಳು."

ಹೋದೆ. ನಮ್ಮ ಮನಿಯವರು ಬ್ಯಾಡ ಅಂದ್ರು, ಕೇಳಲಿಲ್ಲ. ಮೊದಲ ಅಕ್ಕನ ಮುಂದ ಹೇಳಿದೆ. ಅಕಿ ಜ್ವಾಳ ಕೇರಾಕತ್ತಿದ್ಳು, ಮೊರ ಹಿಡದ ಕೈ ನಿಂತುಬಿಡ್ತು. "ನನ್ನ ಗಿಡ ಸುಟ್ಟಿದ್ದು ನೀನೇನು?" ಅಂದ್ಳು. ಆಮ್ಯಾಲ ನನ್ನ ಕಾಲು ಹಿಡಕೊಂಡ್ಳು, ಹಿರಿಯಾಕಿ, ನನ್ನ ಕಾಲು. "ಹೊರಗ ಹೇಳಬ್ಯಾಡವ್ವ. ಆಗೂದು ಆಗಿಹೋಗೇತಿ. ಊರಾಗ ನನ್ನ ತಲಿ ಎತ್ತಲಾರದಂಗ ಮಾಡಬ್ಯಾಡ." ನಾ ಕಾಲು ಬಿಡಿಸಿಕೊಂಡು ಗುಡಿ ಕಟ್ಟಿಗಿ ನಡದೆ.

ಅವೇ ಮುಖ, ಅದೇ ಕಟ್ಟಿ. ಎಲ್ಲಾರ ಮುಂದ ನಿಂತು ಹೇಳಿದೆ. ಪೂರ್ತಿ ಹೇಳಿದೆ. ಹೊಡೀತಾರ, ಉಗೀತಾರ, ಜೀಪು ಕರಸ್ತಾರ ಅಂತ ಎಲ್ಲಾದಕ್ಕೂ ತಯಾರಾಗಿ ಹೋಗಿದ್ದೆ. ಹಿರಿಯ ಒಬ್ಬಾಂವ ಕೆಮ್ಮಿ, "ಹೋಗ್ಲಿ ಬಿಡವ್ವ. ನೀ ಬೀಗರ ಹೆಣ್ಣಮಗಳು. ಬೇಕಂತ ಮಾಡಿದ್ದೇನ? ಬದು ಎಲ್ಲಾರೂ ಸುಡ್ತಾರ. ಚಾ ಕುಡದು ಹೋಗು," ಅಂದ. ಉಳದವರು ಹೂಂ ಹೂಂ ಅಂದ್ರು. ಒಬ್ಬಾಂವ ಹೈದರಾಬಾದಿನಾಗ ಬಿಸಲು ಹೆಂಗೈತಿ ಅಂತ ಕೇಳಿದ.

ನನ್ನ ಮೈ ಉರದುಹೋತು. "ಚಾ ಬ್ಯಾಡ್ರೆಪ್ಪ ನಂಗ! ಮುದುಕಗ ಮೂರು ದಿನ ಇಲ್ಲೇ ಕುಂದ್ರಿಸಿದ್ರಲ್ಲ, ಅವಂಗ ಒಂದು ಕಪ್ ಚಾ ಕೊಟ್ಟಿದ್ರೇನು? ಅಂವ ಬೇಕಂತ ಮಾಡಿದ್ನೇನು?" ಅಂತ ಒದರಿದೆ. ಕಟ್ಟಿ ಮ್ಯಾಲಿನವರು ಒಬ್ಬರ ಮುಖ ಒಬ್ಬರು ನೋಡಿದ್ರು. "ಮುದುಕ ಎಲ್ಲದಾನ ಈಗ?" ಅಂತ ಸುದ್ದಾ ಯಾರೂ ಕೇಳಲಿಲ್ಲ. ನಾ ಹೇಳಿದ ಮಾತಿನಿಂದ ನಂಗೇನೂ ಆಗಲಿಲ್ಲ, ಹೇಳದೇ ಇದ್ದ ಮಾತಿನಿಂದ ಅವಂದು ಎಲ್ಲಾ ಹೋಗಿತ್ತು. ಜಂಗಲಾತಿನ ಚೌಕಿಗೂ ಹೋಗಿ ಹೇಳಿದೆ. ಅಲ್ಲಿದ್ದಾಂವ ಬರಕೊಂಡ, ನನ್ನ ಸಹಿ ತಗೊಂಡ, ಕೇಸು ಕೋರ್ಟಿನಾಗ ಐತಿ, ಕರದಾಗ ಅಲ್ಲಿ ಬಂದು ಹೇಳಬೇಕಾಗತೈತಿ ಅಂದ. ಬರ್ತೀನಿ ಅಂದೆ. ಇನ್ನೂ ಕರದಿಲ್ಲ.

ಮರುದಿನ ಮುಂಜಾನಿ ಎದ್ರ, ಅಕ್ಕನ ಹೊಸಾ ಸೊಸಿ ಒಲಿಯಾಗಿಂದ ಕೆಂಡ ತಗದು ಕುಳ್ಳಿನ ಮ್ಯಾಲ ಇಡಾಕತ್ತಿದ್ಳು. ಬದು ಸುಡೋ ದಿನ. ನಂಗ ಕಣ್ಣು ನಂಬಾಕ ಆಗಲಿಲ್ಲ. ಗುಡ್ಡ ಇನ್ನೂ ಕರ್ರಗೇ ಕಾಣಾಕತ್ತಿತ್ತು, ಅಂಗಳದಿಂದಲೇ ಕಾಣಾಕತ್ತಿತ್ತು. ನಾ ಕೊಡ ತಗೊಂಡು ಅಕಿ ಹಿಂದ ಹೊಂಟೆ. ಹಚ್ಚಿದ್ಳು, ಬಡದ್ಳು, ಆರಿಸಿದ್ಳು. ಉಳದ ಕುಳ್ಳು ಹಿಡಕೊಂಡು ಮೂಲಿಗಿ ಹೋಗಿ, ಅದೇ ಮುತ್ತಲ ಗಿಡದ ಬುಡಕ, ಅದೇ ಚಪ್ಪಟಿ ಕಲ್ಲಿನ ಮ್ಯಾಲ ಇಟ್ಟು ಕೈಮುಗದ್ಳು. ಸುಟ್ಟ ಗಿಡದ ಬುಡಕ್ಕ ಹೊಸಾ ಚಿಗುರು ಬಂದು, ಒಣಗಿ, ಮತ್ತ ಎಲಿ ಉದುರಿದ್ವು.

ನಾ ಕೊಡ ಬಗ್ಗಿಸಿದೆ. ಕುಳ್ಳು ಚುಂಯ್ ಅಂತು. ಸೊಸಿ ಚೀರಿದ್ಳು. ಕುಂಟಿಕೋತ ಹಿಂದ ಬಂದಿದ್ದ ಅಕ್ಕ ನೋಡಿ, ನನ್ನ ಕಪಾಳಕ್ಕ ಹೊಡದ್ಳು. ಊರ ಮುಂದ ಮರ್ಯಾದಿ ಕಳದಾಗ ಹೊಡೀದಿದ್ದಾಕಿ, ಆಗ ಹೊಡದ್ಳು. "ನನ್ನ ಮನಿ ಒಲಿಗಿ ನೀರು ಹಾಕಿದೆಲ್ಲೇ! ಗಿಡ ಸುಟ್ಟಿದ್ದು ಸಾಲಲಿಲ್ಲೇನು? ಇನ್ನ ನನ್ನ ಹೊಸ್ತಲ ತುಳೀಬ್ಯಾಡ," ಅಂದ್ಳು. ನಾ ಬಗ್ಗಿ ಕುಳ್ಳು ಮುರದು, ಒಳಗ ಕೈ ಹಾಕಿ ನೋಡಿ, ಇನ್ನೊಂದು ಸ್ವಲ್ಪ ನೀರು ಹಾಕಿ ಬಂದೆ. ಜ್ವಾಳ ತರಲಿಲ್ಲ. ಈಗ ಬಾಲಾನಗರದ ಅಂಗಡ್ಯಾಗ ಕೊಳ್ತೀನಿ, ರೊಟ್ಟಿ ಬಿರೀತಾವ.

ಕೊಂಡಾಪುರಕ್ಕ ಹೋದಾಗ ಕಾಕಾ ಅದೇ ಸ್ಟೂಲಿನ ಮ್ಯಾಲ ಇದ್ದ. ಬಿಲ್ಡಿಂಗ್ ಇನ್ನೆರಡು ಅಂತಸ್ತು ಏರಿತ್ತು.

"ಕಟ್ಟಿ ಮುಂದ ಹೇಳಿ ಬಂದೆ, ಕಾಕಾ."

"ಏನಂದ್ರು?"

"ಹೋಗ್ಲಿ ಬಿಡವ್ವ ಅಂದ್ರು."

ಕಾಕಾ ತಲಿ ಆಡಿಸಿದ. "ಅಷ್ಟೇನಾ?"

"ಅಷ್ಟೇ. ನೀ ಈಗ ಊರಿಗಿ ಹೋಗಬಹುದು. ಯಾರೂ ಏನೂ ಅನ್ನಂಗಿಲ್ಲ."

"ಹೋಗಿ ಏನ ಮೇಯಿಸ್ಲಿ? ಏನ ಐತಿ ಅಲ್ಲಿ, ಬೂದಿ?" ಅಂದ. ಒಂದು ಲಾರಿ ಬಂತು, ಎದ್ದು ಗೇಟು ತಗದ, ಮತ್ತ ಹಾಕಿ ಬಂದು ಕುಂತ.

ಉಳದದ್ದನ್ನೂ ಹೇಳಿದೆ. ಸೊಸಿ ಇಟ್ಟ ಕುಳ್ಳು, ಕೊಡದ ನೀರು, ಅಕ್ಕ ಹೊಡದದ್ದು. ಕಾಕಾ ಮೊದಲ ಸರ್ತಿ ನನ್ನ ಮುಖ ನೋಡಿದ.

"ಆರಿತೇನು?"

"ಆರಿತು."

"ಕುಳ್ಳು ಮ್ಯಾಲ ಆರಿದಂಗ ಕಂಡ್ರೂ ಹೊಟ್ಟ್ಯಾಗ ಇರತೈತಿ. ಕೈ ಹಾಕಿ ನೋಡಿದೇನು?"

"ಮುರದು, ಕೈ ಹಾಕಿ ನೋಡಿದೆ ಕಾಕಾ. ತಣ್ಣಗಿತ್ತು."

ಬುಟ್ಟಿ ತಗದು ಎರಡು ರೊಟ್ಟಿ ಅವನ ಮುಂದ ಹಿಡದೆ. ಅಂವ ತಗೊಳ್ಳಲಿಲ್ಲ. ಸುಟ್ಟು ಮಾಯ್ದ ಕೈ ಎರಡೂ ತೊಡಿ ಮ್ಯಾಲ ಇಟ್ಕೊಂಡೇ ಕುಂತಿದ್ದ.

"ಇಷ್ಟೇ ಇತ್ತಲ್ಲ ತಂಗಿ ಕೆಲಸ," ಅಂದ. "ಅವತ್ತ್ಯಾಕ ಮಾಡಲಿಲ್ಲ?"